ಹೊಸ ದತ್ತಾಂಶ ಬಂದಿದೆಯೆಂದು ಡ್ರೈವರ್ ಪ್ರೋಗ್ರಾಮಿಗೆ ತಿಳಿಸುವುದು ಹೇಗೆ?

ಪ್ರಶ್ನೆ: ಲಿನಕ್ಸ್‌ನಲ್ಲಿ ಒಂದು ಸೆನ್ಸರ್‌ಗೆ ಡ್ರೈವರ್ (ಸಾಧನವನ್ನು ನಡೆಸುವ ತಂತ್ರಾಂಶ) ಬರೆಯುತ್ತಿದ್ದೇನೆ. ನನ್ನ ಪ್ರೋಗ್ರಾಮ್ 10 ಮಿಲಿಸೆಕೆಂಡಿಗೊಮ್ಮೆ ರೀಡ್ ಮಾಡಿ, ಬಹುತೇಕ ಸಲ ಬರಿಗೈಯಲ್ಲಿ ಮರಳುತ್ತದೆ. ದತ್ತಾಂಶ ಬಂದಾಗ ಮಾತ್ರ ಅದನ್ನು ಎಚ್ಚರಿಸಲು ಸಾಧ್ಯವೇ?

ಉತ್ತರ 1: ಸಾಧ್ಯ. ಡ್ರೈವರ್‌ನಲ್ಲಿ ಒಂದು ವೇಟ್ ಕ್ಯೂ, ಅಂದರೆ ಕಾಯುತ್ತಿರುವ ಪ್ರಕ್ರಿಯೆಗಳ (ಓಡುತ್ತಿರುವ ಪ್ರೋಗ್ರಾಮ್‌ಗಳ) ಸಾಲು, ಇಟ್ಟುಕೊಳ್ಳಿ. ಬಫರ್ (ಬಂದ ದತ್ತಾಂಶವನ್ನು ತಾತ್ಕಾಲಿಕವಾಗಿ ಇಡುವ ಜಾಗ) ಖಾಲಿಯಿದ್ದರೆ ರೀಡ್ ಮಾಡಿದ ಪ್ರಕ್ರಿಯೆಯನ್ನು ಅದರಲ್ಲಿ ಮಲಗಿಸಿ, ಇಂಟರಪ್ಟ್ ಹ್ಯಾಂಡ್ಲರ್ (ಸಾಧನ ಸಂಕೇತ ಕೊಟ್ಟಾಗ ಓಡುವ ಫಂಕ್ಷನ್) ಬಫರ್‌ಗೆ ದತ್ತಾಂಶ ಹಾಕಿದ ನಂತರವೇ ವೇಕ್‌ಅಪ್ ಕರೆದು ಎಬ್ಬಿಸಿ. ಎಚ್ಚೆತ್ತ ಪ್ರಕ್ರಿಯೆ ಬಫರನ್ನು ಮತ್ತೆ ಪರೀಕ್ಷಿಸಬೇಕು, ಏಕೆಂದರೆ ಅಷ್ಟರಲ್ಲಿ ಬೇರೊಂದು ಪ್ರಕ್ರಿಯೆ ಅದನ್ನು ಓದಿ ಮುಗಿಸಿರಬಹುದು.

ಉತ್ತರ 2: ಪ್ರೋಗ್ರಾಮ್ ಏಕಕಾಲಕ್ಕೆ ಹಲವು ಫೈಲ್‌ಗಳಿಗಾಗಿ (ಲಿನಕ್ಸ್‌ನಲ್ಲಿ ಇಂಥ ಸಾಧನವೂ ಫೈಲಿನಂತೆಯೇ ಕಾಣುತ್ತದೆ) ಕಾಯುವುದಾದರೆ ಡ್ರೈವರ್‌ನಲ್ಲಿ ಪೋಲ್ ಫಂಕ್ಷನ್ನನ್ನೂ, ಅಂದರೆ ಓದಲು ದತ್ತಾಂಶ ಸಿದ್ಧವಿದೆಯೇ ಎಂದು ತಿಳಿಸುವ ಫಂಕ್ಷನ್ನನ್ನೂ, ಬರೆಯಬೇಕು. ಅದರೊಳಗೆ ಕರೆಯುವ ಪೋಲ್‌ವೇಟ್, ಹೆಸರು ಏನೇ ಹೇಳಲಿ, ಕಾಯುವುದಿಲ್ಲ. ಪ್ರಕ್ರಿಯೆಯನ್ನು ಕ್ಯೂವಿನಲ್ಲಿ ನೋಂದಾಯಿಸುತ್ತದೆ, ಅಷ್ಟೆ. ಆ ಒಂದು ಸಾಲನ್ನು ಮರೆತು, ದತ್ತಾಂಶ ಬಂದರೂ ಏಳದ ಪ್ರೋಗ್ರಾಮಿನ ಮುಂದೆ ನಾನು ಒಂದಿಡೀ ದಿನ ಕಳೆದಿದ್ದೇನೆ.