‘ಕಂಫರ್ಟ್ ವುಮೆನ್’, ‘ಬಲವಂತ’, ‘ಜೀತ’: ಮೂರು ಪದಗಳ ಬಗ್ಗೆ

ಬಳಗದ ಎಲ್ಲರಿಗೂ ನಮಸ್ಕಾರ. ಜಪಾನಿನ ಸೇನೆಯ ‘ಕಂಫರ್ಟ್ ವುಮೆನ್’ ಕುರಿತ ಬರಹಗಳನ್ನು ಕನ್ನಡಕ್ಕೆ ತರುವಾಗ ಯಾವ ಪದ ಬಳಸಬೇಕೆಂಬ ಪ್ರಶ್ನೆ ನನ್ನದು.

ಜಪಾನಿನ ಸೇನೆ 1932ರಿಂದ 1945ರವರೆಗೆ ತಾನು ಕಾಲಿಟ್ಟ ಕಡೆಯಲ್ಲೆಲ್ಲ ತನ್ನ ಸೈನಿಕರ ಲೈಂಗಿಕ ಬಳಕೆಗೆಂದು ನಡೆಸಿದ ಠಾಣೆಗಳಲ್ಲಿ ಕೊರಿಯಾ, ಚೀನಾ, ಫಿಲಿಪೀನ್ಸ್ ಮತ್ತಿತರ ನಾಡುಗಳ ಹೆಂಗಸರನ್ನು ಕೂಡಿಹಾಕಿತ್ತು. ಅವರನ್ನು ಜಪಾನೀ ಭಾಷೆ ‘ಇಆನ್‌ಫು’ ಎನ್ನುತ್ತದೆ. ಇಂಗ್ಲಿಷಿನ ‘ಕಂಫರ್ಟ್ ವುಮೆನ್’ ಅದರ ನೇರ ಅನುವಾದ. ಇದನ್ನು ‘ಸಾಂತ್ವನ ಮಹಿಳೆಯರು’ ಎಂದು ಕನ್ನಡಿಸಿದರೆ ಅದು ಅನಾಥಾಲಯದ ಸ್ವಯಂಸೇವಕಿಯರ ಹೆಸರಿನಂತೆ ಕೇಳುತ್ತದೆ. ಸೈನಿಕರ ಕಣ್ಣಿನಿಂದ ಹುಟ್ಟಿದ ಹೆಸರನ್ನು ಉದ್ಧರಣ ಚಿಹ್ನೆಯೊಳಗೆ ಮಾತ್ರ ಬಳಸುವುದು ಲೇಸೆಂದು ನನ್ನ ಅಭಿಪ್ರಾಯ.

ನನ್ನನ್ನು ಹೆಚ್ಚು ಕಾಡುತ್ತಿರುವುದು ‘ಬಲವಂತ’. 2007ರ ಮಾರ್ಚಿನಲ್ಲಿ ಜಪಾನಿನ ಆಗಿನ ಪ್ರಧಾನಿ ಶಿಂಜೊ ಅಬೆ ಅವರ ಸಚಿವ ಸಂಪುಟವು, ಸೇನೆಯಾಗಲಿ ಅಧಿಕಾರಿಗಳಾಗಲಿ ಹೆಂಗಸರನ್ನು ಹಿಡಿದು ಎಳೆದೊಯ್ದರೆಂದು ನೇರವಾಗಿ ತೋರಿಸುವ ಬರಹ ಸರ್ಕಾರಕ್ಕೆ ಸಿಕ್ಕ ಕಡತಗಳಲ್ಲಿ ಇಲ್ಲವೆಂದು ಲಿಖಿತ ಉತ್ತರ ಕೊಟ್ಟಿತು. ಇದನ್ನು ‘ಬಲವಂತಕ್ಕೆ ಸಾಕ್ಷ್ಯವಿಲ್ಲ’ ಎಂದು ಅನುವಾದಿಸಿದರೆ, ಆ ಸರ್ಕಾರ ಹೇಳಿದ್ದಕ್ಕಿಂತ ದೊಡ್ಡ ನಿರಾಕರಣೆಯನ್ನು ನಾವೇ ಬರೆದುಕೊಟ್ಟಂತಾಗುತ್ತದೆ. ನಮ್ಮ ‘ಬಲವಂತ’ದ ಹರವು ಬಹಳ ದೊಡ್ಡದು: ಹೋಳಿಗೆಯನ್ನು ಬಲವಂತ ಮಾಡಿ ಬಡಿಸುತ್ತೇವೆ, ಒಲ್ಲದ ಹುಡುಗಿಗೆ ಬಲವಂತದ ಮದುವೆ ಮಾಡುತ್ತೇವೆ, ಕಾರ್ಖಾನೆಯ ಕೆಲಸವೆಂದು ನಂಬಿಸಿ ಕರೆದೊಯ್ದು ಹೊರಗೆ ಬಿಡದಿರುವುದೂ ಬಲವಂತವೇ. 1993ರ ಆಗಸ್ಟಿನಲ್ಲಿ ಜಪಾನ್ ಸರ್ಕಾರದ ಆಗಿನ ಮುಖ್ಯ ಸಂಪುಟ ಕಾರ್ಯದರ್ಶಿ ಯೋಹೆಯಿ ಕೋನೊ ನೀಡಿದ ಹೇಳಿಕೆಯು ಪುಸಲಾವಣೆ, ಒತ್ತಡ ಮುಂತಾದ ದಾರಿಗಳಿಂದ ಅನೇಕರನ್ನು ಅವರ ಇಚ್ಛೆಗೆ ವಿರುದ್ಧವಾಗಿ ಸೇರಿಸಿಕೊಳ್ಳಲಾಯಿತೆಂದು ಒಪ್ಪಿಕೊಂಡಿತ್ತು. ಅದನ್ನು ಅಲ್ಲಗಳೆಯಬಯಸುವವರು ಬಲವಂತದ ಅರ್ಥವನ್ನು ‘ಎಳೆದೊಯ್ಯುವಿಕೆ’ಗೆ ಕುಗ್ಗಿಸಿ, ಅದಕ್ಕೆ ಕಾಗದ ತೋರಿಸಿ ಎನ್ನುತ್ತಾರೆ. ಆದ್ದರಿಂದ ಅವರ ಮಾತನ್ನು ಅನುವಾದಿಸುವಾಗ ‘ಎಳೆದೊಯ್ದ’ ಎಂದೇ ಬರೆಯಬೇಕು.

ಕಾಗದಗಳೇನೂ ಕಡಿಮೆಯಿಲ್ಲ. ಇತಿಹಾಸಕಾರ ಯೋಶಿಮಿ ಯೋಶಿಯಾಕಿ ಅವರು ಜಪಾನಿನ ರಕ್ಷಣಾ ಸಂಸ್ಥೆಯ ಗ್ರಂಥಾಲಯದಲ್ಲಿ ಕಂಡುಕೊಂಡು 1992ರಲ್ಲಿ ಬೆಳಕಿಗೆ ತಂದ ಪತ್ರಗಳಲ್ಲಿ ಸೇನಾ ಸಚಿವಾಲಯದ 1938ರ ಮಾರ್ಚ್ 4ರ ಸುತ್ತೋಲೆಯೂ ಒಂದು. ಹೆಂಗಸರನ್ನು ಒಟ್ಟುಮಾಡುವ ಕೆಲವರ ರೀತಿ ಅಪಹರಣವನ್ನು ಹೋಲುತ್ತಿದ್ದು ಪೊಲೀಸರು ಅಂಥವರನ್ನು ಬಂಧಿಸಿದ್ದಾರೆ, ಸೇನೆಯ ಹೆಸರು ಕೆಡದಂತೆ ಆ ಕೆಲಸವನ್ನು ಸೇನೆಯೇ ಹತೋಟಿಯಲ್ಲಿಟ್ಟುಕೊಂಡು ತಕ್ಕವರನ್ನು ಆರಿಸಬೇಕು ಎಂದು ಅದು ಹೇಳುತ್ತದೆ. ಇದು ಸೇನೆಯ ಒಳ್ಳೆಯತನಕ್ಕೆ ಸಾಕ್ಷಿ ಎಂದು ವಾದಿಸುವವರೂ ಇದ್ದಾರೆನ್ನುವುದು ಬೇರೆ ಮಾತು. ಇನ್ನು ಎಳೆದೊಯ್ದದ್ದಕ್ಕೇ ಸಾಕ್ಷ್ಯ ಬೇಕೆನ್ನುವವರಿಗೆ, 1944ರಲ್ಲಿ ಜಾವಾದ ಸೆಮರಾಂಗಿನಲ್ಲಿ ಡಚ್ ಹೆಂಗಸರನ್ನು ಬಂಧನ ಶಿಬಿರಗಳಿಂದ ಇಂಥ ಠಾಣೆಗಳಿಗೆ ಕೊಂಡೊಯ್ದ ಜಪಾನೀ ಅಧಿಕಾರಿಗಳಿಗೆ ಬಟಾವಿಯಾದ (ಇಂದಿನ ಜಕಾರ್ತಾ) ಯುದ್ಧಾಪರಾಧ ನ್ಯಾಯಾಲಯ 1948ರಲ್ಲಿ ಶಿಕ್ಷೆ ವಿಧಿಸಿದ್ದು ನೆನಪಿರಬೇಕು.

ಮೂರನೆಯದು, ವಿಶ್ವಸಂಸ್ಥೆಯ ವಿಶೇಷ ವರದಿಗಾರರಾಗಿದ್ದ ರಾಧಿಕಾ ಕುಮಾರಸ್ವಾಮಿ ಅವರು 1996ರಲ್ಲಿ ವಿಶ್ವಸಂಸ್ಥೆಗೆ ಕೊಟ್ಟ ವರದಿಯಲ್ಲಿ ಬಳಸಿದ, ಜಪಾನ್ ಸರ್ಕಾರ ಇಂದಿಗೂ ಒಪ್ಪದ ‘ಮಿಲಿಟರಿ ಸೆಕ್ಷುಯಲ್ ಸ್ಲೇವರಿ’. ‘ಲೈಂಗಿಕ ದಾಸ್ಯ’ ಎನ್ನಲು ನನಗೆ ಮನಸ್ಸಿಲ್ಲ; ದಾಸ್ಯದಲ್ಲಿ ಭಕ್ತಿಯ ವಾಸನೆಯಿದೆ, ದಾಸಿ ಎಂದೊಡನೆ ಕಳಂಕ ಹೆಂಗಸಿಗೇ ಅಂಟುತ್ತದೆ. ‘ಗುಲಾಮಗಿರಿ’ ಸರಿಯಾದೀತು. ಆದರೆ ‘ಲೈಂಗಿಕ ಜೀತ’ಕ್ಕೆ ಒಂದು ಹೆಚ್ಚಿನ ಬಲವಿದೆ. ಮುಂಗಡ ಕೊಟ್ಟಿದ್ದರು, ಕರಾರಿತ್ತು ಎಂಬುದು ನಿರಾಕರಿಸುವವರ ಮೆಚ್ಚಿನ ವಾದ. ಮುಂಗಡವೇ ಮನುಷ್ಯನನ್ನು ಕಟ್ಟಿಹಾಕುವ ಹಗ್ಗವೆಂಬುದು ಜೀತವನ್ನು ಕಂಡ ನಾಡಿಗೆ ಬಿಡಿಸಿ ಹೇಳಬೇಕಾದ ಸಂಗತಿಯಲ್ಲ. ನಮ್ಮ 1976ರ ಜೀತ ನಿರ್ಮೂಲನಾ ಕಾಯ್ದೆ ಸಾಲದ ಕರಾರನ್ನೇ ಅಸಿಂಧುಗೊಳಿಸಿತು. ಆದರೂ ಜೀತವೆಂದರೆ ಹೊಲಮನೆಯ ದುಡಿಮೆ ಎಂಬ ರೂಢಿಯ ಅರ್ಥ ಇಲ್ಲಿಯ ಹಿಂಸೆಯನ್ನು ತಗ್ಗಿಸೀತೇ ಎಂಬ ಅನುಮಾನ ಉಳಿದಿದೆ.

ಆ ಹೆಂಗಸರನ್ನು ಕರೆಯುವ ಪದ ಮಾತ್ರ ನನಗಿನ್ನೂ ಸಿಕ್ಕಿಲ್ಲ. 1991ರ ಆಗಸ್ಟ್ 14ರಂದು, ಆ ಠಾಣೆಗಳಿಂದ ಬದುಕುಳಿದ ಕಿಮ್ ಹಾಕ್-ಸುನ್ ಅವರು ಸೋಲ್‌ನಲ್ಲಿ ತಮ್ಮ ಹೆಸರು ಹೇಳಿಕೊಂಡೇ ಸಾಕ್ಷ್ಯ ನುಡಿದ ಮೇಲೆ ಕೊರಿಯಾದ ಜನ ಅವರಂಥವರನ್ನು ‘ಹಲ್ಮೊನಿ’, ಅಂದರೆ ಅಜ್ಜಿ, ಎಂದು ಕರೆಯುತ್ತಾ ಬಂದಿದ್ದಾರೆ. ‘ಲೈಂಗಿಕ ಗುಲಾಮಳು’ ಎನಿಸಿಕೊಳ್ಳುವುದನ್ನು ಅವರಲ್ಲೇ ಒಬ್ಬರಾದ ಲೀ ಯೊಂಗ್-ಸೂ 2020ರಲ್ಲಿ ಬಹಿರಂಗವಾಗಿ ತಿರಸ್ಕರಿಸಿದರು. ಹಾಗಾಗಿ ವ್ಯವಸ್ಥೆಗೆ ‘ಸೇನೆಯ ಲೈಂಗಿಕ ಜೀತ’, ವ್ಯಕ್ತಿಗೆ ‘ಜೀತಕ್ಕೊಳಗಾದವರು’ ಎಂದು ಸದ್ಯಕ್ಕೆ ಬರೆದುಕೊಂಡಿದ್ದೇನೆ. ಇದಕ್ಕಿಂತ ಚಿಕ್ಕದಾದ, ಬಾಯಲ್ಲಿ ನಿಲ್ಲುವ ಪದ ಬಲ್ಲವರು ದಯವಿಟ್ಟು ತಿಳಿಸಬೇಕು.