ಸಹಾಯ ಬೇಕು: ಹಾಲಿನ ಬೂತಿನ ಎದುರಿನ ನಾಲ್ಕು ರಸ್ತೆ ಕೂಡುವಲ್ಲಿ ಏನು ಕೇಳೋಣ?

ಎಲ್ಲರಿಗೂ ನಮಸ್ಕಾರ. ಮೈಸೂರಿನ ವಿಜಯನಗರ ನಾಲ್ಕನೇ ಹಂತದ ಕಡೆಯ ನಮ್ಮ ಬಡಾವಣೆಯಲ್ಲಿ, ಹಾಲಿನ ಬೂತಿನ ಎದುರು ನಾಲ್ಕು ರಸ್ತೆ ಕೂಡುವ ಜಾಗವನ್ನು ಸರಿಪಡಿಸಲು ನಿವಾಸಿಗಳ ಅಭಿಪ್ರಾಯ ಕೇಳುತ್ತಿದ್ದಾರೆ. ಭಾನುವಾರ ಉದ್ಯಾನದಲ್ಲಿ ಸಭೆ. ರಸ್ತೆ ಎಂಜಿನಿಯರಿಂಗ್ ಬಲ್ಲವರು, ಹಿಂದೆ ಇಂಥ ಸಭೆಗೆ ಹೋದವರು ದಯವಿಟ್ಟು ದಾರಿ ತೋರಿಸಿ.

ತೊಂದರೆ ಇರುವುದು ಮೂಲೆಯಲ್ಲಿ. ಎಳನೀರಿನ ಗಾಡಿ, ಅದರ ಪಕ್ಕ ಸದಾ ನಿಂತಿರುವ ಎರಡು ಕಾರು, ಮೇಲೆ ಬಾಗಿದ ಹೊಂಗೆಯ ಕೊಂಬೆ. ಬಲದಿಂದ ಬರುವ ಬೈಕು ಕಾಣುವಷ್ಟರಲ್ಲಿ ನಮ್ಮ ಸ್ಕೂಟರಿನ ಮುಂದಿನ ಚಕ್ರ ಆಗಲೇ ರಸ್ತೆಯೊಳಗೆ ಇರುತ್ತದೆ. ಶಾಲೆ ಬಿಡುವ ಹೊತ್ತಿಗಂತೂ ಮಕ್ಕಳು ಕಾರುಗಳ ಸಂದಿಯಿಂದಲೇ ದಾಟುತ್ತಾರೆ.

ಹೆಚ್ಚಿನವರು “ಹಂಪ್ ಹಾಕಿಸಿ, ಸಾಕು” ಎನ್ನುತ್ತಿದ್ದಾರೆ. ನನಗೆ ಅದರಲ್ಲಿ ನಂಬಿಕೆಯಿಲ್ಲ. ರಸ್ತೆಗಳಿಗೆ ಮಾನದಂಡ ರೂಪಿಸುವ ಸಂಸ್ಥೆಯಾದ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹೇಳುವ ಉಬ್ಬು (ಹಂಪ್) ವಾಹನ ಸಾಗುವ ದಿಕ್ಕಿನಲ್ಲಿ 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ. ಗಂಟೆಗೆ 25 ಕಿಲೋಮೀಟರ್ ವೇಗದಲ್ಲಿ ದಾಟಲು ಲೆಕ್ಕ ಹಾಕಿದ್ದು. ನಮ್ಮಲ್ಲಿ ರಾತ್ರೋರಾತ್ರಿ ಏಳುವ ದಿಬ್ಬಗಳಿಗೆ ಯಾವ ಲೆಕ್ಕವೂ ಇಲ್ಲ, ಬೆನ್ನುನೋವಿನವರನ್ನು ಕೇಳಿ. ಅದರ ಬದಲು ಮೂಲೆಯ ಪಾದಚಾರಿ ಮಾರ್ಗವನ್ನು ತುಸು ಹೊರಚಾಚಿ ತಿರುವನ್ನು ಬಿಗಿ ಮಾಡಿದರೆ ವಾಹನಗಳು ತಾವಾಗಿ ನಿಧಾನವಾಗುತ್ತವೆ, ದಾಟುವ ದೂರವೂ ತಗ್ಗುತ್ತದೆ, ಅಲ್ಲಿ ಕಾರು ನಿಲ್ಲಿಸುವುದೂ ಕಷ್ಟವಾಗುತ್ತದೆ.

ಇದನ್ನು ಮೊದಲು ಕೋನ್, ಮರಳಿನ ಚೀಲ ಇಟ್ಟು ಕೆಲವು ವಾರ ಪ್ರಯೋಗ ಮಾಡಿ ಎಂದು ಕೇಳಬಹುದೇ? ಮಳೆನೀರಿನ ಚರಂಡಿ ಮೂಲೆಯಲ್ಲೇ ಹಾದುಹೋಗುತ್ತದೆ, ಅದಕ್ಕೇನು ಮಾಡುತ್ತಾರೆ? ಶಾಲಾ ಬಸ್ಸು ತಿರುಗಲು ಎಷ್ಟು ಜಾಗ ಬಿಡಬೇಕು? ಎಳನೀರಿನವರನ್ನು ಎತ್ತಂಗಡಿ ಮಾಡುವುದು ಯಾರಿಗೂ ಬೇಡ. ಗಾಡಿಗೆ ತುಸು ಆಚೆ ಜಾಗ ಕೊಡಿಸಬೇಕು. ಕೈಯಲ್ಲಿ ಬಿಡಿಸಿದ ನಕ್ಷೆ ಸಿದ್ಧವಿದೆ. ನೋಡಿ ತಿದ್ದಿಕೊಡುವವರಿದ್ದರೆ ಶುಕ್ರವಾರದೊಳಗೆ ತಿಳಿಸಿ.