ಅಪ್‌ಡೇಟ್: ಕ್ಷಯದ ಔಷಧ ಮುಗಿಯಿತು, ಮುಂದಿನ ದಾರಿ ಐವಿಎಫ್

ಕೆಮ್ಮು, ಜ್ವರ ಒಂದೂ ಇಲ್ಲದ ನನಗೆ ಕಿಬ್ಬೊಟ್ಟೆಯ (ಗರ್ಭಕೋಶ, ಅಂಡನಾಳಗಳ) ಕ್ಷಯವೆಂದು ಗೊತ್ತಾದಾಗ, ಇನ್ನು ಮಗುವಾಗುತ್ತದೆಯೇ ಎಂದು ಇಲ್ಲಿ ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಋಣಿಯಾಗಿದ್ದೇನೆ.

6 ತಿಂಗಳ ಔಷಧ ಮುಗಿದಿದೆ. ಮುಂಬೈನ ಮುಲುಂಡ್‌ನಲ್ಲಿ ಮನೆಯ ಹತ್ತಿರದ ಪಾಲಿಕೆ ದವಾಖಾನೆಯಲ್ಲೇ ಉಚಿತವಾಗಿ ಸಿಕ್ಕಿತು. ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗಿದರೆ ಹೆದರಬೇಡಿ, ಅದು ಕ್ಷಯದ ಔಷಧಗಳಲ್ಲೊಂದಾದ ರಿಫಾಂಪಿಸಿನ್‌ನ ಗುಣ. ಅದೇ ಔಷಧ ಗರ್ಭನಿರೋಧಕ ಮಾತ್ರೆಯ ಬಲವನ್ನೂ ಕುಗ್ಗಿಸುತ್ತದೆ. ವೈದ್ಯರನ್ನು ಕೇಳಿ ಬೇರೆ ವಿಧಾನ ಬಳಸಿ.

ರೋಗಾಣು ಸತ್ತರೂ ಅದು ಮಾಡಿದ ಗಾಯದ ಕಲೆ ಉಳಿಯುತ್ತದೆ. ಈ ಕ್ಷಯ ಹೆಚ್ಚಾಗಿ ಹಿಡಿಯುವುದು ಅಂಡನಾಳಗಳನ್ನು. ನನ್ನ ಎರಡೂ ನಾಳಗಳು ಮುಚ್ಚಿವೆ. ಇದನ್ನು ಕೇಳಿ ತುಂಬ ಅತ್ತೆ. ಆದರೆ ನಾಳ ಅರೆಬರೆ ತೆರೆದಿದ್ದರೆ ಅಪಾಯ ಇನ್ನೂ ಹೆಚ್ಚು, ಭ್ರೂಣ ಅಲ್ಲೇ ನೆಲೆಯೂರಿ ಪ್ರಾಣಕ್ಕೇ ಕುತ್ತು ತರಬಹುದು ಎಂದು ವೈದ್ಯರು ವಿವರಿಸಿದರು. ಗರ್ಭಕೋಶದ ಒಳಪದರ ಮಾತ್ರ ಚೆನ್ನಾಗಿದೆ, ಎಲ್ಲೂ ಅಂಟಿಕೊಂಡಿಲ್ಲ! ನಾಳ ಕೆಟ್ಟರೆ ಐವಿಎಫ್ (ದೇಹದ ಹೊರಗೆ ಭ್ರೂಣ ಬೆಳೆಸಿ ಗರ್ಭಕೋಶದಲ್ಲಿ ಇಡುವ ವಿಧಾನ) ಇದೆ. ಒಳಪದರವೇ ಕೆಟ್ಟರೆ ಅದೂ ಫಲಿಸುವುದು ಕಷ್ಟ.

ಎಡನಾಳದಲ್ಲಿ ನೀರು ತುಂಬಿದೆ. ಆ ನೀರು ಗರ್ಭಕೋಶಕ್ಕೆ ಇಳಿದರೆ ಭ್ರೂಣ ನಿಲ್ಲುವುದು ಕಷ್ಟವಂತೆ, ಹಾಗಾಗಿ ಐವಿಎಫ್‌ಗೆ ಮೊದಲು ನಾಳ ತೆಗೆಸಲು ಹೇಳಿದ್ದಾರೆ. ಈ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರಿದ್ದರೆ, ಎಷ್ಟು ವಿಶ್ರಾಂತಿ ಬೇಕಾಯಿತು ಎಂದು ದಯವಿಟ್ಟು ತಿಳಿಸಿ.